ಗದ್ದಲದ ನಡುವೆ ಒಂದು ಪಿಟೀಲು

ಅಮೆರಿಕದ ‘ಯೆಲ್ಲೋಕಾರ್ಡ್’ ತಂಡದ ‘ಓಷನ್ ಅವೆನ್ಯೂ’ ಆಲ್ಬಂ ಹೊರಬಂದದ್ದು 2003ರ ಜುಲೈ ತಿಂಗಳಲ್ಲಿ. ಅದು ನನ್ನ ಕಿವಿಗೆ ಬೀಳುವ ಹೊತ್ತಿಗೆ ಇಪ್ಪತ್ತು ವರ್ಷ ಕಳೆದಿತ್ತು. ತಂಗಿಯ ಮಗನ ಫೋನಿನಲ್ಲಿ ಒಂದರ ಹಿಂದೊಂದು ಇಂಗ್ಲಿಷ್ ಹಾಡುಗಳು ಓಡುತ್ತಿದ್ದವು. ಎಲ್ಲವೂ ಒಂದೇ ಗಿಟಾರ್, ಒಂದೇ ಡ್ರಮ್ಸ್, ಒಂದೇ ಹುಡುಗನ ಕಂಠವೇನೋ ಎನ್ನುವಂಥ ಹಾಡುಗಳು. ಅವುಗಳ ನಡುವೆ ಒಂದು ಕಡೆ ಗಿಟಾರಿನ ಗೊಗ್ಗರು ಸದ್ದಿನ ಮೇಲೆ ಪಿಟೀಲು ಎದ್ದು ನಿಂತಿತು. ಸಿನಿಮಾ ಹಾಡುಗಳಲ್ಲಿ ಹಿನ್ನೆಲೆಗೆ ನಲವತ್ತು ಪಿಟೀಲುಗಳನ್ನು ಒಟ್ಟಿಗೆ ಕೂರಿಸಿ ನುಡಿಸುತ್ತಾರಲ್ಲ, ಆ ರೇಷ್ಮೆಯ ಪರದೆ ಇದಾಗಿರಲಿಲ್ಲ. ಒಬ್ಬನೇ ಮನುಷ್ಯ, ಒಂದೇ ಕಮಾನು, ಸುತ್ತಲಿನ ಅಬ್ಬರದ ಜೊತೆಗೆ ಭುಜ ತಾಗಿಸಿಕೊಂಡು ಓಡುತ್ತಿದ್ದ. ಅಂದಿನಿಂದ ಈ ಆಲ್ಬಮ್ಮಿನ ಹದಿಮೂರು ಹಾಡುಗಳನ್ನು ಎಷ್ಟೋ ಸಲ ಕೇಳಿದ್ದೇನೆ. ಆ ಪಿಟೀಲು ಅಲ್ಲಿ ಒಡವೆಯೋ, ಅವಯವವೋ ಎಂಬುದು ನನ್ನ ಪ್ರಶ್ನೆ.

ಪಾಪ್-ಪಂಕ್ ಎಂದರೆ ಏನೆಂದು ತಿಳಿಯದ ಓದುಗರಿಗಾಗಿ ಎರಡು ಮಾತು. 1974ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ‘ರಮೋನ್ಸ್’ ತಂಡ 1976ರ ತನ್ನ ಮೊದಲ ರೆಕಾರ್ಡಿನಲ್ಲಿ ಅರ್ಧ ಗಂಟೆಯೊಳಗೆ ಹದಿನಾಲ್ಕು ಹಾಡು ಮುಗಿಸಿತು. ರಾಕ್ ಸಂಗೀತ ಆಗ ಉದ್ದುದ್ದ ಸೋಲೋಗಳ, ಉಸ್ತಾದಿಕೆಯ ಪ್ರದರ್ಶನವಾಗಿತ್ತು. ಮೂರು ಕಾರ್ಡ್ ಬಂದರೆ ಸಾಕು, ನಾಳೆಯೇ ವೇದಿಕೆ ಹತ್ತು ಎಂಬುದು ಪಂಕ್‌ನವರು ಅದಕ್ಕೆ ಕೊಟ್ಟ ಉತ್ತರ. ಇಂಗ್ಲೆಂಡಿನ ‘ಬಜ್‌ಕಾಕ್ಸ್’ ಅದೇ ವೇಗಕ್ಕೆ ಪ್ರೇಮದ ಗೋಳನ್ನು ಸೇರಿಸಿತು. 1994ರಲ್ಲಿ ‘ಗ್ರೀನ್ ಡೇ’ ತಂಡದ ‘ಡೂಕಿ’, 1999ರಲ್ಲಿ ‘ಬ್ಲಿಂಕ್-182’ ತಂಡದ ‘ಎನಿಮಾ ಆಫ್ ದಿ ಸ್ಟೇಟ್’ ಬಂದ ಮೇಲೆ ಇದು ಅಮೆರಿಕದ ಊರೂರಿನ ಹೈಸ್ಕೂಲು ಹುಡುಗರ ಸಂಗೀತವಾಯಿತು. ಶಾಲೆಯ ಬೇಸರ, ಊರು ಬಿಟ್ಟು ಓಡುವ ಆಸೆ, ಕೈಕೊಟ್ಟ ಹುಡುಗಿ ಇವೇ ಇದರ ವಸ್ತು.

ಇಂಥ ಸಂಗೀತಕ್ಕೆ ಪಿಟೀಲು ಬರುವುದರಲ್ಲೇ ಒಂದು ವಿರೋಧವಿದೆ. ಗಿಟಾರಿನ ಕತ್ತಿನ ಮೇಲೆ ಮೆಟ್ಟುಗಳಿವೆ, ಬೆರಳಿಟ್ಟರೆ ಸ್ವರ ತಾನಾಗಿ ಸರಿಯಾದ ಜಾಗದಲ್ಲಿ ಹುಟ್ಟುತ್ತದೆ. ಪಿಟೀಲಿನಲ್ಲಿ ಆ ಭಾಗ್ಯವಿಲ್ಲ. ಕಿವಿ ಹೇಳಿದ ಕಡೆ ಬೆರಳು ಇಳಿಯಬೇಕು, ಕೂದಲೆಳೆ ತಪ್ಪಿದರೂ ಅಪಸ್ವರ. ಅಪಸ್ವರವಿಲ್ಲದೆ ಒಂದು ಸರಳೆ ನುಡಿಸುವುದಕ್ಕೇ ವರ್ಷಗಳು ಬೇಕು. ನಾಳೆಯೇ ವೇದಿಕೆ ಹತ್ತು ಎನ್ನುವ ಸಂಗೀತಕ್ಕೂ, ಹತ್ತು ವರ್ಷ ಕೂತು ತಿಕ್ಕು ಎನ್ನುವ ವಾದ್ಯಕ್ಕೂ ಮದುವೆಯಾಗುವುದಾದರೂ ಹೇಗೆ?

ಆಗಿದ್ದು ಶಾಲೆಯಿಂದ. ಯೆಲ್ಲೋಕಾರ್ಡ್ 1997ರಲ್ಲಿ ಫ್ಲಾರಿಡಾ ರಾಜ್ಯದ ಜಾಕ್ಸನ್‌ವಿಲ್ ಪಟ್ಟಣದಲ್ಲಿ, ಡಗ್ಲಸ್ ಆಂಡರ್ಸನ್ ಸ್ಕೂಲ್ ಆಫ್ ದಿ ಆರ್ಟ್ಸ್ ಎಂಬ ಶಾಲೆಯ ಹುಡುಗರು ಕಟ್ಟಿದ ತಂಡ. ಇದು ಖಾಸಗಿ ಸಂಗೀತ ಕಾಲೇಜಲ್ಲ, ಸರ್ಕಾರಿ ಹೈಸ್ಕೂಲು. ವರ್ಣಭೇದದ ಕಾಲದಲ್ಲಿ ಕಪ್ಪು ಮಕ್ಕಳಿಗಾಗಿ ಇದ್ದ ಶಾಲೆ 1985ರಲ್ಲಿ ಕಲಾಶಾಲೆಯಾಗಿ ಮಾರ್ಪಟ್ಟಿತು. ತಂಡದ ಪಿಟೀಲುಗಾರ ಶಾನ್ ಮ್ಯಾಕಿನ್ ಪಾಶ್ಚಾತ್ಯ ಶಾಸ್ತ್ರೀಯ ಪದ್ಧತಿಯಲ್ಲಿ ಕಲಿತವನು. ಡ್ರಮ್ಸ್ ನುಡಿಸಿದ ಲಾಂಜಿನ್ಯೂ ಪಾರ್ಸನ್ಸ್ ಕಪ್ಪು ಜನಾಂಗದವನು, ಅದೇ ಹೆಸರಿನ ಜಾಝ್ ಕಹಳೆವಾದಕನ ಮಗ. ಬಿಳಿ ಹುಡುಗರೇ ತುಂಬಿದ ಈ ಪ್ರಕಾರದಲ್ಲಿ ಅವನು ಎದ್ದು ಕಾಣುತ್ತಿದ್ದ. ಅವನ ಕೈಯ ವೇಗದಲ್ಲಿರುವ ಹಗುರವನ್ನು ಕೇಳಿದರೆ ಮನೆಯಲ್ಲಿ ಜಾಝ್ ಇತ್ತೆಂದು ಯಾರೂ ಹೇಳಬೇಕಿಲ್ಲ. ಮ್ಯಾಕಿನ್ ಮೊದಲು ಬಂದದ್ದು ಒಂದೆರಡು ಹಾಡಿಗೆ ಪಿಟೀಲು ಸೇರಿಸಲೆಂದು, ಅತಿಥಿಯಾಗಿ. ಬಂದವನು ಮನೆಯವನೇ ಆದ. ತಂಡದ ಹೆಸರಿನ ಕಥೆ ಮಾತ್ರ ಪಡ್ಡೆ ಹುಡುಗರದ್ದೇ. ಪಾರ್ಟಿಯಲ್ಲಿ ಯಾರಾದರೂ ಎಡವಟ್ಟು ಮಾಡಿದರೆ ಫುಟ್‌ಬಾಲಿನ ರೆಫರಿಯಂತೆ ‘ಹಳದಿ ಚೀಟಿ’ ಕೊಡುತ್ತಿದ್ದರಂತೆ.

ರಾಕ್ ಸಂಗೀತದಲ್ಲಿ ಪಿಟೀಲು ಮೊದಲೂ ಇತ್ತು. ‘ದಿ ಹೂ’ ತಂಡದ 1971ರ ‘ಬಾಬಾ ಓ’ರೈಲಿ’ ಹಾಡಿನ ಕೊನೆಯಲ್ಲಿ ಡೇವ್ ಆರ್ಬಸ್ ನುಡಿಸಿದ್ದು ಪ್ರಸಿದ್ಧ. ‘ಕ್ಯಾನ್ಸಸ್’ ತಂಡದಲ್ಲಿ ರಾಬಿ ಸ್ಟೈನ್‌ಹಾರ್ಟ್ ಇದ್ದ. ಪಂಕ್‌ಗೆ ಹತ್ತಿರದ ‘ಫ್ಲಾಗಿಂಗ್ ಮಾಲಿ’ಯಲ್ಲೂ ಪಿಟೀಲಿದೆ, ಆದರೆ ಅದು ಐರ್ಲೆಂಡಿನ ಜಾನಪದದ ಪಿಟೀಲು, ‘ನಾವು ಇಂಥವರು’ ಎಂಬ ಗುರುತಿನ ಚೀಟಿ. ಸ್ಕಾ-ಪಂಕ್ ತಂಡಗಳ ಕಹಳೆಗಳು ಜಮೈಕಾದ ಕಡೆ ಬೆರಳು ತೋರಿಸುತ್ತವೆ. ಯೆಲ್ಲೋಕಾರ್ಡಿನ ಪಿಟೀಲು ಯಾವ ಸೀಮೆಯ ಕಡೆಗೂ ಬೆರಳು ತೋರುವುದಿಲ್ಲ. ಅದಕ್ಕೆ ಕುಲವಿಲ್ಲ. ಶಾಲೆಯ ಆರ್ಕೆಸ್ಟ್ರಾದ ಕೋಣೆಯಿಂದ ಎದ್ದು ಪಕ್ಕದ ಗ್ಯಾರೇಜಿಗೆ ಬಂದದ್ದಷ್ಟೆ.

ಈಗ ಒಡವೆಯೋ ಅವಯವವೋ ಎಂಬ ಪ್ರಶ್ನೆಗೆ ಬರೋಣ. ಇದಕ್ಕೆ ಸ್ವಲ್ಪ ಶ್ರುತಿಯ ವಿಚಾರ ಹೇಳಲೇಬೇಕು. ಪಂಕ್ ಗಿಟಾರಿನ ಸದ್ದನ್ನು ಯಂತ್ರದಲ್ಲಿ ಬೇಕೆಂದೇ ಒಡೆದು ಗೊಗ್ಗರಾಗಿಸುತ್ತಾರೆ. ಹೀಗೆ ಒಡೆದ ಸದ್ದಿನಲ್ಲಿ ಷಡ್ಜ, ಪಂಚಮ ಎರಡನ್ನೇ ಒಟ್ಟಿಗೆ ಮೀಟಿದರೆ ಗೋಡೆಯಂತೆ ಗಟ್ಟಿಯಾಗಿ ನಿಲ್ಲುತ್ತದೆ. ನಡುವೆ ಗಾಂಧಾರ ಸೇರಿಸಿದರೆ ರಾಡಿಯಾಗುತ್ತದೆ. ಹಾಗಾಗಿ ಗಾಂಧಾರವನ್ನು ಬಿಟ್ಟುಬಿಡುತ್ತಾರೆ, ಇದಕ್ಕೆ ‘ಪವರ್ ಕಾರ್ಡ್’ ಎಂದು ಹೆಸರು. ಆದರೆ ಪಾಶ್ಚಾತ್ಯ ಸಂಗೀತದಲ್ಲಿ ಒಂದು ಕಾರ್ಡ್ ಸಂತೋಷದ್ದೋ ದುಃಖದ್ದೋ ಎಂದು ಹೇಳುವುದು ಆ ಗಾಂಧಾರವೇ. ನಮ್ಮ ಲೆಕ್ಕದಲ್ಲಿ ಅಂತರ ಗಾಂಧಾರವಾದರೆ ಬೆಳಕು, ಸಾಧಾರಣ ಗಾಂಧಾರವಾದರೆ ಮೋಡ. ಗಾಂಧಾರ ಬಿಟ್ಟ ಗಿಟಾರಿಗೆ ಬಲ ಬರುತ್ತದೆ, ಮುಖಭಾವ ಹೋಗುತ್ತದೆ. ಆ ಮುಖಭಾವವನ್ನು ತುಂಬಿಕೊಡುವ ಹೊಣೆ ಹಾಡುವವನ ಕಂಠದ ಮೇಲೆ ಬೀಳುತ್ತದೆ. ಅವನು ಹಾಡು ನಿಲ್ಲಿಸಿದೊಡನೆ ಉಳಿಯುವುದು ಗೋಡೆ ಮಾತ್ರ. ಪಂಕ್ ಹಾಡುಗಳು ಎರಡೂವರೆ ನಿಮಿಷಕ್ಕೆ ಮುಗಿದುಹೋಗುವುದಕ್ಕೆ ಇದೂ ಒಂದು ಕಾರಣವಿರಬಹುದು, ಕಂಠ ಸುಮ್ಮನಾದ ಮೇಲೆ ಹೇಳುವುದಕ್ಕೆ ಯಾರೂ ಇರುವುದಿಲ್ಲ.

ಈ ಆಲ್ಬಮ್ಮಿನಲ್ಲಿ ಒಬ್ಬನಿದ್ದಾನೆ. ಕಂಠ ನಿಂತ ಕಡೆ ಪಿಟೀಲು ಶುರುವಾಗುತ್ತದೆ, ಗಿಟಾರು ಬಿಟ್ಟ ಸ್ವರವನ್ನು ಎತ್ತಿಕೊಳ್ಳುತ್ತದೆ. ಪಿಟೀಲಿನ ನಾಲ್ಕು ತಂತಿಗಳು ಒಂದಕ್ಕೊಂದು ಪಂಚಮದ ಅಂತರದಲ್ಲಿರುತ್ತವೆ, ಅಂದರೆ ಪಕ್ಕಪಕ್ಕದ ಎರಡು ತಂತಿಗಳನ್ನು ಬರಿದೇ ಉಜ್ಜಿದರೂ ಗಿಟಾರಿನ ಅದೇ ಷಡ್ಜ-ಪಂಚಮ ಹೊರಡುತ್ತದೆ. ಎರಡೂ ವಾದ್ಯಗಳು ಜಗಳವಾಡದೆ ಒಂದೇ ಮನೆಯಲ್ಲಿ ಇರುವುದಕ್ಕೆ ಈ ನೆಂಟಸ್ತನವೂ ಕಾರಣ.

ಪಿಟೀಲು ಎಂಬ ಪರದೇಶಿಯನ್ನು ಮನೆಯೊಳಗೆ ಕರೆದುಕೊಂಡ ಅನುಭವ ನಮಗೂ ಇದೆ. ಇನ್ನೂರು ವರ್ಷಗಳ ಹಿಂದೆ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದ್ರಾಸಿನಲ್ಲಿ ಯುರೋಪಿಯನ್ನರ ವಾದ್ಯವನ್ನು ಕಲಿತು ಕರ್ನಾಟಕ ಸಂಗೀತಕ್ಕೆ ತಂದರು. ಸ-ಪ-ಸ-ಪ ಎಂದು ಶ್ರುತಿ ಬದಲಾಯಿತು, ನಿಂತು ನುಡಿಸುವ ವಾದ್ಯ ನೆಲದ ಮೇಲೆ ಕೂತಿತು. ಈಗ ಅದು ಪರದೇಶದ್ದೆಂದು ಯಾರಿಗೂ ಅನ್ನಿಸುವುದಿಲ್ಲ. ತಿರುಮಕೂಡಲು ನರಸೀಪುರದಿಂದ ಬಂದ ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲು ಮಾಡಿಸಿಕೊಂಡದ್ದು ಮೈಕಿಲ್ಲದ ಕಾಲದಲ್ಲಿ ದೊಡ್ಡ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲಿ ಎಂದು. ಮ್ಯಾಕಿನ್‌ಗೆ ಎದುರಾದದ್ದೂ ಅದೇ ಸಮಸ್ಯೆ, ಗದ್ದಲದಲ್ಲಿ ಕೇಳಿಸಿಕೊಳ್ಳುವುದು ಹೇಗೆ? ಅವನಿಗೆ ವಿದ್ಯುತ್ತಿನ ಸಹಾಯವಿತ್ತು. ಜೊತೆಗೆ ವೇದಿಕೆಯ ಮೇಲೆ ಹಿಂದಕ್ಕೆ ಲಾಗ ಹಾಕುವ ಹುಚ್ಚೂ ಇತ್ತು. ಇದನ್ನು ನಮ್ಮ ವಿದ್ವಾಂಸರಿಗೆ ನಾನು ಶಿಫಾರಸು ಮಾಡುವುದಿಲ್ಲ.

ಆದರೆ ಕಛೇರಿಯ ಪಕ್ಕವಾದ್ಯಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ. ಪಕ್ಕವಾದ್ಯದವರು ಹಾಡುವವರು ಹೇಳಿದ್ದನ್ನು ನೆರಳಿನಂತೆ ಹಿಂಬಾಲಿಸುತ್ತಾರೆ. ಇಲ್ಲಿನ ಪಿಟೀಲು ಗಾಯಕ ಹೇಳಲಾರದ್ದನ್ನು ಹೇಳುತ್ತದೆ. ಆರನೆಯ ಹಾಡು ‘ಓನ್ಲಿ ಒನ್’ ಕೇಳಿ. ಪ್ರೀತಿಯನ್ನು ತಾನೇ ಮುರಿದುಕೊಂಡು, ನೀನೊಬ್ಬಳೇ ನನಗೆ ಎಂದು ಹಲುಬುವ ಹುಡುಗನ ಹಾಡು ಇದು. ಮಾತಿನಲ್ಲಿ ಹೊಸದೇನಿಲ್ಲ, ಲೋಕದ ಅರ್ಧ ಹಾಡುಗಳು ಇದನ್ನೇ ಹೇಳುತ್ತವೆ. ಗಾಯಕ ರಯಾನ್ ಕೀ ಅರಚುತ್ತಾನೆ, ಅರಚುವುದರಲ್ಲಿ ಪ್ರಾಮಾಣಿಕನೂ ಹೌದು. ಆದರೆ ಅರಚುವವನ ಕಂಠದಲ್ಲಿ ಪಶ್ಚಾತ್ತಾಪಕ್ಕಿಂತ ಹಟ ಹೆಚ್ಚು ಕೇಳುತ್ತದೆ. ಹಾಡಿನ ಕೊನೆಯ ಭಾಗಕ್ಕೆ ಮೊದಲು ಅವನು ಸುಮ್ಮನಾಗಿ ಪಿಟೀಲು ಮುಂದೆ ಬರುತ್ತದೆ. ಮೊದಲು ತಗ್ಗಿನಲ್ಲಿ, ಆಮೇಲೆ ಡ್ರಮ್ಸಿನೊಡನೆ ಮೆಟ್ಟಿಲು ಹತ್ತುತ್ತಾ. ಹಟ ಕರಗಿ ನಾಚಿಕೆಯಾಗುವುದು ಅಲ್ಲಿ. ಮತ್ತೆ ಅದೇ ಪಲ್ಲವಿ, ಅದೇ ಮಾತು ಬಂದಾಗ ಈ ಹುಡುಗ ನಿಜವಾಗಿಯೂ ಏನನ್ನೋ ಕಳೆದುಕೊಂಡಿದ್ದಾನೆ ಎಂದು ನಂಬಿಕೆ ಹುಟ್ಟುತ್ತದೆ. ಕಥೆ ಬರೆಯುವವನಾಗಿ ನನಗೆ ಇದು ಹೊಟ್ಟೆಕಿಚ್ಚಿನ ವಿಷಯ. ಪಾತ್ರದ ಬಾಯಿಂದ ಹೇಳಿಸದೆ ಪಾತ್ರದ ಮನಸ್ಸು ತಿರುಗಿಸುವುದು ನಮಗೆ ಎರಡು ಪುಟದ ಕೆಲಸ. ಇವರು ಅರ್ಧ ನಿಮಿಷದಲ್ಲಿ ಮಾಡಿಬಿಡುತ್ತಾರೆ.

ನಾನು ಅತಿ ಹೆಚ್ಚು ಸಲ ಕೇಳಿದ, ಅತಿ ಹೆಚ್ಚು ತಡೆದು ನಿಂತು ಕೇಳಿದ ಹಾಡು ಮಾತ್ರ ಹನ್ನೊಂದನೆಯದು, ‘ಬಿಲೀವ್’. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳಲ್ಲಿ ಜನರನ್ನು ಉಳಿಸಲು ಹೋಗಿ ಸತ್ತವರನ್ನು ಕುರಿತ ಹಾಡು. ಅಂದು ನಗರದ ಅಗ್ನಿಶಾಮಕ ದಳದ 343 ಮಂದಿ ಸತ್ತರು. ಎಲ್ಲರೂ ಕೆಳಗಿಳಿಯುತ್ತಿದ್ದಾಗ ಮೆಟ್ಟಿಲು ಹತ್ತಿದವರು ಅವರು.

ಆ ದಿನದ ಬಗ್ಗೆ ಅಮೆರಿಕ ಹಾಡಿದ ಹಾಡನ್ನು ನನ್ನಂಥ ಹೆಸರಿನವನು ಕೇಳುವಾಗ ಕಿವಿ ಸ್ವಲ್ಪ ಎಚ್ಚರದಿಂದಲೇ ಇರುತ್ತದೆ. ಆ ವರ್ಷಗಳಲ್ಲಿ ಆ ಶೋಕಕ್ಕೆ ಬೇರೆ ಬೇರೆ ಉಪಯೋಗಗಳು ಹುಟ್ಟಿಕೊಂಡಿದ್ದವು. 2002ರಲ್ಲಿ ಟೋಬಿ ಕೀತ್ ಎಂಬ ಕಂಟ್ರಿ ಗಾಯಕ ಸೇಡಿನ ಹಾಡೊಂದನ್ನು ಹಾಡಿ ಅಪಾರ ಜನಪ್ರಿಯನಾದ. 2003ರ ಮಾರ್ಚಿನಲ್ಲಿ, ಆ ದಾಳಿಗೆ ಸಂಬಂಧವೇ ಇಲ್ಲದ ಇರಾಕಿನ ಮೇಲೆ ಯುದ್ಧ ಶುರುವಾಯಿತು. ಅದಾಗಿ ನಾಲ್ಕು ತಿಂಗಳಿಗೆ ಈ ಆಲ್ಬಂ ಬಂತು. ಹಾಡಿನಲ್ಲಿ ಶತ್ರುವಿನ ಹೆಸರಿಲ್ಲ. ಬಾವುಟವಿಲ್ಲ, ಶಪಥವಿಲ್ಲ, ಲೆಕ್ಕ ತೀರಿಸುವ ಮಾತಿಲ್ಲ. ಮೇಲೆ ಹತ್ತಿದವರಿದ್ದಾರೆ, ಅವರ ಋಣ ಹೊತ್ತವನ ಕೃತಜ್ಞತೆಯಿದೆ. ಅಷ್ಟೇ. ಆ ವರ್ಷದ ಗಾಳಿಯಲ್ಲಿ ಇಷ್ಟಕ್ಕೇ ನಿಲ್ಲಿಸಿದ್ದು ಸಣ್ಣ ಸಂಯಮವಲ್ಲ ಎನ್ನುವುದು ನನ್ನ ಅಭಿಪ್ರಾಯ.

ಈ ಹಾಡನ್ನು ಆರಂಭಿಸುವುದು ಪಿಟೀಲು. ಕಂಠ ಆಮೇಲೆ ಬಂದು ಸೇರಿಕೊಳ್ಳುತ್ತದೆ. ಹಾಡು ನಿಧಾನದ್ದಲ್ಲ, ಓಡುವ ಹಾಡು. ಸತ್ತವರ ಹಾಡಿಗೆ ಇಂಥ ಓಟವೇ, ಇಷ್ಟೊಂದು ಡ್ರಮ್ಸೇ ಎಂದು ಯಾರಾದರೂ ಕೇಳಬಹುದು. ನಮ್ಮ ಉತ್ತರ ಕರ್ನಾಟಕದ ಮೊಹರಮ್ಮಿನಲ್ಲಿ ಹಲಗೆಯ ಬಡಿತ, ಹೆಜ್ಜೆಯ ಕುಣಿತದ ನಡುವೆ ಕರ್ಬಲಾದ ದುಃಖವನ್ನು ರಿವಾಯತ್ ಪದಗಳಲ್ಲಿ ಹಾಡುವುದನ್ನು ಕಂಡವರು ಈ ಪ್ರಶ್ನೆ ಕೇಳಲಾರರು. ಶೋಕಕ್ಕೆ ಯಾವಾಗಲೂ ಕುಳಿತು ಅಳುವ ಪುರಸೊತ್ತು ಇರುವುದಿಲ್ಲ. ಇಲ್ಲಿ ಓಟಕ್ಕೆ ಇನ್ನೊಂದು ಕಾರಣವೂ ಇದೆ, ಹಾಡಿನೊಳಗಿನ ಜನ ಮೆಟ್ಟಿಲು ಹತ್ತುತ್ತಿದ್ದಾರೆ.

ಹಾಡಿನ ಮಿತಿಯನ್ನೂ ಹೇಳಬೇಕು. ಆ ಸಾವುಗಳ ಹೆಸರಿನಲ್ಲಿ ಬೇರೆಡೆ ಏನಾಗುತ್ತಿತ್ತು ಎಂಬ ಬಗ್ಗೆ ಇಡೀ ಆಲ್ಬಮ್ಮಿನಲ್ಲಿ ಒಂದು ಸೊಲ್ಲಿಲ್ಲ. ಮರುವರ್ಷ, 2004ರಲ್ಲಿ, ಗ್ರೀನ್ ಡೇ ‘ಅಮೆರಿಕನ್ ಈಡಿಯಟ್’ ಆಲ್ಬಮ್ಮಿನಲ್ಲಿ ತನ್ನ ದೇಶದ ಯುದ್ಧೋನ್ಮಾದವನ್ನು ಮುಖಕ್ಕೆ ಹೊಡೆದ ಹಾಗೆ ಟೀಕಿಸಿತು. ಅದು ಪಂಕ್ ಪರಂಪರೆಗೆ ಹೆಚ್ಚು ನಿಷ್ಠವಾದ ಕೆಲಸ. ಯೆಲ್ಲೋಕಾರ್ಡ್ ಹುಡುಗರು ರಾಜಕೀಯ ಮಾತಾಡುವವರಲ್ಲ. ಅವರದು ಮನೆಯಂಗಳದ ಲೋಕ. ಆದರೂ ಬಾಗ್ದಾದಿನ ಬೆಂಕಿಯನ್ನೂ ಯಾರೋ ಆರಿಸಲು ಹೋಗಿರಬೇಕು, ಅಲ್ಲಿನ ಮೆಟ್ಟಿಲನ್ನೂ ಯಾರೋ ಹತ್ತಿರಬೇಕು ಎಂದು ಈ ಹಾಡು ಕೇಳುವಾಗ ನನಗೆ ಅನ್ನಿಸುತ್ತದೆ. ಅನ್ನಿಸುವುದಕ್ಕೆ ಹಾಡು ಜಾಗ ಬಿಟ್ಟಿದೆ. ಸೇಡಿನ ಹಾಡಿನಲ್ಲಿ ಆ ಜಾಗವಿರುವುದಿಲ್ಲ. ಪಿಟೀಲಿಗೆ ಮಾತಿಲ್ಲದಿರುವುದರಿಂದ ಅದರ ದುಃಖಕ್ಕೆ ಪಾಸ್‌ಪೋರ್ಟೂ ಇಲ್ಲ.

ಇಷ್ಟು ಹೊಗಳಿದ ಮೇಲೆ ದೂರುಗಳನ್ನು ಹೇಳುವುದು ನ್ಯಾಯ. ಶೀರ್ಷಿಕೆ ಗೀತೆಯೇ ಈ ಆಲ್ಬಮ್ಮನ್ನು ಮನೆಮನೆಗೆ ಮುಟ್ಟಿಸಿದ್ದು. ಅದರ ಬಲದ ಮೇಲೆ 2004ರಲ್ಲಿ ಅಮೆರಿಕದಲ್ಲಿ ಹತ್ತು ಲಕ್ಷ ಪ್ರತಿಗಳ ಪ್ಲಾಟಿನಂ ಮಾನ್ಯತೆ ಸಿಕ್ಕಿತು. ಹದಿನಾರರ ಹರೆಯದ ಕಡಲ ತೀರದ ನೆನಪು, ಕೇಳಿದ ಕೂಡಲೇ ಬಾಯಿಗೆ ಬರುವ ಪಲ್ಲವಿ. ಆದರೆ ವಿಚಿತ್ರವೆಂದರೆ, ಪಿಟೀಲಿನ ತಂಡ ಎಂದು ಹೆಸರಾದವರ ಅತಿ ಪ್ರಸಿದ್ಧ ಹಾಡಿನಲ್ಲಿ ಪಿಟೀಲು ಹಿಂದೆ ಸರಿದು ಕೂತಿದೆ. ಮಾರುಕಟ್ಟೆಗೆ ಹೋಗುವಾಗ ಹೆಚ್ಚು ಬುದ್ಧಿವಂತ ಮಗನನ್ನು ಮನೆಯಲ್ಲೇ ಬಿಟ್ಟುಹೋದ ಹಾಗೆ. ಇನ್ನು ಈ ಹಾಡುಗಳಲ್ಲಿ ಬರುವ ಹುಡುಗಿಯರು. ಅವರಿಗೆ ಮುಖವಿಲ್ಲ, ಹೆಸರಿಲ್ಲ, ಸ್ವಂತ ಮಾತಿಲ್ಲ. ಬೀದಿ, ಕಡಲು, ಖಾಲಿ ಕೋಣೆಗಳ ಹಾಗೆ ಅವರೂ ಹುಡುಗನ ನೆನಪಿನ ಒಂದು ಜಾಗ ಮಾತ್ರ. ಇದು ಈ ಪ್ರಕಾರದ ಹಳೆಯ ರೋಗ. ಅಗಲಿದ ಗೆಳೆಯನನ್ನು ನೆನೆಯುವ ‘ವ್ಯೂ ಫ್ರಮ್ ಹೆವನ್’ ಹಾಡಿನಲ್ಲಿ ಕೊನೆಗೂ ಒಂದು ಹೆಣ್ಣು ಕಂಠ ಜೊತೆಗೂಡಿದಾಗ ಕಿಟಕಿ ತೆರೆದಂತಾಗುತ್ತದೆ. ನಡುವಿನ ಎರಡು ಮೂರು ಹಾಡುಗಳು ಬೆರಳಚ್ಚು ಮಾಡಿದ ಪ್ರತಿಗಳಂತಿವೆ, ಬಿಟ್ಟು ಮುಂದೆ ಹೋದರೆ ನಷ್ಟವಿಲ್ಲ.

ಒಂದನ್ನು ಬಿಡಬಾರದು. ‘ಲೈಫ್ ಆಫ್ ಎ ಸೇಲ್ಸ್‌ಮನ್’ ಎಂಬ ಐದನೆಯ ಹಾಡು. ಆರ್ಥರ್ ಮಿಲ್ಲರನ 1949ರ ನಾಟಕದ ಹೆಸರನ್ನು ತಿರುಗಿಸಿಟ್ಟ ಶೀರ್ಷಿಕೆ. ಆ ನಾಟಕದಲ್ಲಿ ಮಾರಾಟಗಾರ ತಂದೆ ಮಕ್ಕಳ ಕಣ್ಣೆದುರು ಕುಸಿಯುತ್ತಾನೆ. ಈ ಹಾಡಿನ ಹುಡುಗ ತನ್ನ ತಂದೆಗೆ, ನಾನೂ ತಂದೆಯಾದಾಗ ನಿನ್ನಂತಾಗಬೇಕು ಎಂದು ಹೇಳುತ್ತಾನೆ. ಅಪ್ಪನನ್ನು ಬಯ್ಯುವುದೇ ಕಸುಬಾದ ಪಂಕ್‌ನಲ್ಲಿ ಇದು ಪಿಟೀಲಿಗಿಂತ ಅಪರೂಪದ ವಾದ್ಯ.

2013ರಲ್ಲಿ, ಹತ್ತು ವರ್ಷ ತುಂಬಿದ ನೆಪದಲ್ಲಿ, ತಂಡ ಇಡೀ ಆಲ್ಬಮ್ಮನ್ನು ವಿದ್ಯುತ್ ಗಿಟಾರಿನ ಅಬ್ಬರವಿಲ್ಲದೆ ಮರದ ಗಿಟಾರುಗಳಲ್ಲಿ ಮತ್ತೆ ನುಡಿಸಿ ಧ್ವನಿಮುದ್ರಿಸಿತು. ಪಿಟೀಲು ಅಲ್ಲಿ ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸುತ್ತದೆ. ಸುಂದರವಾಗಿಯೂ ಇದೆ. ಆದರೆ ನನಗೆ ಅದು ಹಿಡಿಸಲಿಲ್ಲ. ಮರದ ಗಿಟಾರು ಗಾಂಧಾರವನ್ನು ತಾನೇ ನುಡಿಸಿಕೊಳ್ಳುತ್ತದೆ, ಪಿಟೀಲಿಗೆ ಅಲ್ಲಿ ಉಳಿದ ಕೆಲಸ ಕಡಿಮೆ. ಎದುರಿಗೆ ಗೋಡೆಯಿದ್ದಾಗ ಅದು ಹತ್ತುತ್ತಿತ್ತು. ಗೋಡೆ ತೆಗೆದ ಮೇಲೆ ಅಂಗಳದಲ್ಲಿ ಅಡ್ಡಾಡುತ್ತದೆ. ಅವಯವ ಹೋಗಿ ಒಡವೆಯಾದದ್ದು ಈ ಎರಡನೆಯ ರೂಪದಲ್ಲಿ.

ಮುಂದಿನ ಕಥೆ ಚುಟುಕಾಗಿ ಹೇಳಬಹುದು. 2006ರ ‘ಲೈಟ್ಸ್ ಅಂಡ್ ಸೌಂಡ್ಸ್’ ಹೆಚ್ಚಿನ ಮಹತ್ವಾಕಾಂಕ್ಷೆಯದು, ಆದರೆ ಮೊದಲಿನಷ್ಟು ಮಾರಾಟ ಕಾಣಲಿಲ್ಲ. 2011ರಲ್ಲಿ ಮ್ಯಾಕಿನ್‌ಗೆ ಥೈರಾಯ್ಡ್ ಕ್ಯಾನ್ಸರ್ ಬಂದು ಚಿಕಿತ್ಸೆಯಾಯಿತು. 2014ರ ಆಲ್ಬಂ ಹೊತ್ತಿಗೆ ಪಾರ್ಸನ್ಸ್ ತಂಡದಲ್ಲಿರಲಿಲ್ಲ. 2017ರ ಮಾರ್ಚಿನಲ್ಲಿ ತಂಡ ಕೊನೆಯ ಕಾರ್ಯಕ್ರಮ ಕೊಟ್ಟು ಚದುರಿತು, 2022ರಲ್ಲಿ ಮತ್ತೆ ಕೂಡಿತು. 2025ರಲ್ಲಿ ‘ಬೆಟರ್ ಡೇಸ್’ ಎಂಬ ಆಲ್ಬಂ ಬಂತು. ಅದನ್ನು ನಿರ್ಮಿಸಿದವನು ಬ್ಲಿಂಕ್-182ರ ಡ್ರಮ್ಮರ್ ಟ್ರಾವಿಸ್ ಬಾರ್ಕರ್.

‘ಓಷನ್ ಅವೆನ್ಯೂ’ ಕೇಳಬೇಕೆನ್ನುವವರು ಶೀರ್ಷಿಕೆ ಗೀತೆಯಿಂದ ಶುರು ಮಾಡಬೇಡಿ. ಆರನೆಯದನ್ನು ಮೊದಲು ಕೇಳಿ, ಆಮೇಲೆ ಹನ್ನೊಂದನೆಯದು, ಆಮೇಲೆ ಬೇಕಾದರೆ ಮೊದಲಿನಿಂದ. ಫೋನಿನ ಸಣ್ಣ ಸ್ಪೀಕರಿನಲ್ಲಿ ಬೇಡ, ಅದು ಡ್ರಮ್ಸನ್ನು ತಗಡು ಮಾಡಿ ಪಿಟೀಲನ್ನು ಸೊಳ್ಳೆ ಮಾಡುತ್ತದೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ದನಿ ಸ್ವಲ್ಪ ಹೆಚ್ಚೇ ಇಟ್ಟುಕೊಂಡು ಕೇಳಿ. ಮನೆಯಲ್ಲಿ ಹರೆಯದ ಮಕ್ಕಳಿದ್ದರೆ ಒಂದು ಕಿವಿಯದನ್ನು ಅವರಿಗೆ ಕೊಡಿ.